ಸಾಮಿಯಾತಾಳ್ ಅತ್ತೆಯ ಅಮಾವಾಸ್ಯೆ ನೋವು

ನನ್ನ ಅತ್ತೆ ಸಾಮಿಯಾತಾಳ್ ಹೆಮ್ಮೆಪಡುತ್ತಿದ್ದದ್ದು ತಮ್ಮ ಎಮ್ಮೆಗಳ ಬಗ್ಗೆ ಮತ್ತು ತಮ್ಮ ಹೊಟ್ಟೆಯ ಬಗ್ಗೆ. ಎಮ್ಮೆಗಳಿಗೆ ಆಗಾಗ ಕಾಯಿಲೆ ಬರುತ್ತಿತ್ತು, ಹೊಟ್ಟೆಗೆ ಬಂದದ್ದೇ ಇಲ್ಲ ಅನ್ನುತ್ತಿದ್ದರು. ಬೆಳಗಿನ ತಂಗಳು ಸಜ್ಜೆಯ ಕಂಬು ಕೂಳು, ಮಧ್ಯಾಹ್ನದ ರಾಗಿ ಮುದ್ದೆ, ರಾತ್ರಿಯ ಸೊಪ್ಪಿನ ಸಾರು ಎಲ್ಲವನ್ನೂ ಅರಗಿಸಿಕೊಂಡು ಗಿರಣಿಯ ಹಾಗೆ ಓಡಾಡುವ ಹೆಂಗಸು. ಬೇರೆಯವರು ಅಜೀರ್ಣ, ಗ್ಯಾಸು ಅಂದರೆ ಅವರಿಗೆ ನಗು. ಕೂತು ತಿನ್ನುವವರ ಕಾಯಿಲೆ ಅದು ಅಂತ ಅವರ ತೀರ್ಪು.

ಮದುವೆಯಾಗಿ ನಾನು ಕೊಳ್ಳೇಗಾಲದ ಕಡೆಯಿಂದ ಕೊಯಮತ್ತೂರು ಸೀಮೆಯ ಕರುಮತ್ತಂಪಟ್ಟಿಯ ಪಕ್ಕದ ಈ ಹಳ್ಳಿಗೆ ಬಂದದ್ದು ಎಂಬತ್ತರ ದಶಕದ ಮೊದಲಲ್ಲಿ. ಕನ್ನಡ ಮಾತಾಡುವ ಮನೆ, ಮಗಳಿಗೆ ಕಷ್ಟವಾಗುವುದಿಲ್ಲ ಅಂತ ನಮ್ಮಪ್ಪ ಕೊಟ್ಟಿದ್ದರು. ಬಂದು ನೋಡಿದರೆ ಕನ್ನಡದ ಹೆಗಲ ಮೇಲೆ ತಮಿಳು ಕಾಲು ಇಳಿಬಿಟ್ಟು ಕೂತಿತ್ತು. ನೋವಿಗೆ ವಲಿ, ಊಟಕ್ಕೆ ಸಾಪಾಡು, ಹೌದಿಗೆ ಆಮಾ. ಆ ಮನೆಯಲ್ಲಿ ಕನ್ನಡ ಅಕ್ಷರ ಬಲ್ಲವಳು ನಾನೊಬ್ಬಳೇ. ಮೊದಮೊದಲು ನನ್ನ ಕನ್ನಡ ಕೇಳಿ ಅತ್ತೆ, ಈ ಹುಡುಗಿ ರೇಡಿಯೋ ಥರ ಮಾತಾಡ್ತದೆ ಅಂತ ಊರೆಲ್ಲ ಸಾರಿದ್ದರು. ಆದರೂ ನನ್ನನ್ನು ಕರೆಯುವಾಗ ಒಂದು ದಿನವೂ ಹೆಸರು ಹಿಡಿಯಲಿಲ್ಲ, ಮಗಳನ್ನು ಕರೆಯುವ ಹಾಗೆ 'ಅಮ್ಮಣಿ' ಅಂತಲೇ ಕರೆದರು. ಅದೊಂದು ಮಾತಿಗೆ ನಾನು ಅವರ ನೂರು ಹಟ ಸಹಿಸಿಕೊಂಡೆ.

ಮಾವ ಮಾರಪ್ಪನ್‌ಗೆ ಒಬ್ಬ ತಮ್ಮ. ಆಸ್ತಿ ಪಾಲಾಗಿ ಒಂದೇ ಮನೆಗೆ ನಡುವೆ ಗೋಡೆ ಎದ್ದಿತ್ತು. ಈ ಕಡೆ ನಾವು, ನಮ್ಮ ಹಿತ್ತಲಲ್ಲಿ ಪವರ್‌ಲೂಮ್ ಶೆಡ್ಡು. ಆ ಕಡೆ ಮಾವನ ತಮ್ಮ ಮತ್ತು ಅವರ ಹೆಂಡತಿ ಕುಪ್ಪಮ್ಮ, ನನಗೆ ಚಿಕ್ಕತ್ತೆ. ಗೋಡೆಯಲ್ಲಿ ಅಡುಗೆಮನೆಯ ಹತ್ತಿರ ಒಂದು ಕಿಂಡಿ ಬಿಟ್ಟಿದ್ದರು, ಅತ್ತೆಯ ಅಪ್ಪಣೆಯಂತೆ. ಗಂಡಸರು ಏನು ಬೇಕಾದರೂ ಪಾಲು ಮಾಡಿಕೊಳ್ಳಲಿ, ಸಾರು ಪಾಲಾಗಬಾರದು ಅಂದಿದ್ದರಂತೆ. ಆ ಕಿಂಡಿಯಲ್ಲಿ ದಿನಕ್ಕೆ ನಾಲ್ಕಾರು ಬಟ್ಟಲು ಆಚೀಚೆ ಓಡಾಡುತ್ತಿದ್ದವು.

ಕುಪ್ಪಮ್ಮ ಈ ಮನೆಗೆ ಬಂದಾಗ ಇನ್ನೂ ಜಡೆ ಹಾಕಿಕೊಳ್ಳಲು ಬಾರದ ಹುಡುಗಿ. ಅವಳ ತಲೆ ಬಾಚಿ, ಸೀರೆ ಉಡಲು ಕಲಿಸಿ, ಮೊದಲ ಹೆರಿಗೆಗೆ ಬೆನ್ನು ಹಿಡಿದು ಕೂತವರು ನಮ್ಮತ್ತೆ. ಸಾಲ ತೀರಿಸುವ ಹಾಗೆ ಕುಪ್ಪಮ್ಮನೂ ಒಂದು ಉಪಕಾರ ಮಾಡಿದ್ದರು. ನನ್ನ ಗಂಡ ರಾಜೇಂದ್ರನ್ ಕೈಗೂಸಾಗಿದ್ದಾಗ ಅತ್ತೆಗೆ ವಿಷಮಜ್ವರ ಬಂದು ಹಾಲು ಬತ್ತಿಹೋಗಿತ್ತು. ತಮ್ಮ ಮಗುವಿನ ಜೊತೆಗೆ ಇವರಿಗೂ ಮೊಲೆ ಕೊಟ್ಟು ಉಳಿಸಿದವರು ಕುಪ್ಪಮ್ಮ. ನನ್ನ ಗಂಡ ಇಬ್ಬರಿಂದಲೂ ಒಂದೇ ದಿನ ಬೈಸಿಕೊಂಡರೆ, ಎರಡು ತಾಯಿ ಇದ್ದರೆ ಎರಡು ಪಾಲು ಬೈಗುಳ ಅಂತ ನಗುತ್ತಿದ್ದರು.

ಪಾಲಾದಾಗ ದೇವರ ಕೋಣೆ ಕುಪ್ಪಮ್ಮನ ಕಡೆಗೆ ಬಿತ್ತು. ಹಾಗಾಗಿ ಪ್ರತಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವುದು ಅಲ್ಲಿಯೇ. ಅಂದು ಮಗ್ಗಗಳಿಗೆ ರಜೆ. ತಟಪಟ ಸದ್ದು ನಿಂತ ಆ ಒಂದು ದಿನ ನಮಗೆ ನಮ್ಮ ಮಾತೇ ಜೋರಾಗಿ ಕೇಳಿಸುತ್ತಿತ್ತು. ಮನೆಯ ಹಿರಿಯ ಸೊಸೆ ಎಂದು ಅತ್ತೆಗೆ ಮೊದಲ ಎಲೆ. ತಿಂಗಳೆಲ್ಲ ಅತ್ತೆ ತಿನ್ನುತ್ತಿದ್ದದ್ದು ಕಡೆದ ಮಜ್ಜಿಗೆ ಮತ್ತು ಮುದ್ದೆ, ಬೆಣ್ಣೆಯೆಲ್ಲ ಮಾರಾಟಕ್ಕೆ ಹೋಗುತ್ತಿತ್ತು. ಆ ಕೊರತೆ ತೀರಲಿ ಅಂತ ಕುಪ್ಪಮ್ಮ ಅಂದು ವಡೆ, ಕಜ್ಜಾಯ, ಪಾಯಸ ಮಾಡಿ ಅಕ್ಕನ ಎಲೆಗೆ ತುಪ್ಪದ ಸೌಟು ಬಗ್ಗಿಸಿದರೆ, ಸಾಕು ಸಾಕು ಅಂದರೂ ಎತ್ತುತ್ತಿರಲಿಲ್ಲ. ಅತ್ತೆಯೂ ಸುಮ್ಮನೆ ಬಾಯಿಮಾತಿಗೆ ಸಾಕು ಅನ್ನುವವರು.

ನೋವು ಶುರುವಾದದ್ದು ಅಂಥ ಒಂದು ಅಮಾವಾಸ್ಯೆಯ ಸಂಜೆ. ಎಮ್ಮೆಗೆ ಹುಲ್ಲು ಹಾಕುತ್ತಿದ್ದವರು ಕುಕ್ಕರಿಸಿಬಿಟ್ಟರು. ಬಲಗಡೆ ಪಕ್ಕೆಲುಬಿನ ಕೆಳಗೆ ಯಾರೋ ಮುಷ್ಟಿ ಇಟ್ಟು ಒತ್ತಿದ ಹಾಗೆ ನೋವು, ಅದು ಹಿಂದಕ್ಕೆ ಹೋಗಿ ಬಲ ಭುಜದ ಕೆಳಗೆ ಚುಚ್ಚುವುದು. ಮಲಗಿದರೂ ಆಗದು, ಕೂತರೂ ಆಗದು. ಬೆವರಿ, ವಾಂತಿ ಮಾಡಿ, ಜಗಲಿಯಲ್ಲಿ ಹೊರಳಿದರು. ನಾನು ಶುಂಠಿ ಕಷಾಯ ಕೊಟ್ಟೆ, ಕುಪ್ಪಮ್ಮ ಓಡಿಬಂದು ಓಮ ಅರೆದು ಕೊಟ್ಟರು. ಕತ್ತಲಾಗುವ ಹೊತ್ತಿಗೆ ನೋವು ಬಂದ ಹಾಗೆಯೇ ಹೋಯಿತು. ಮಾರನೆಯ ಬೆಳಗ್ಗೆ ಅತ್ತೆ ಎದ್ದು ಹಾಲು ಕರೆಯುತ್ತಾ, ವಾಯು ಅಮ್ಮಣಿ, ಬಂತು, ಹೋಯ್ತು ಅಂದರು. ಡಾಕ್ಟರ ಹತ್ತಿರ ಹೋಗೋಣ ಅಂದದ್ದಕ್ಕೆ, ಇಲ್ಲದ ನೋವನ್ನು ಹೋಗಿ ಏನಂತ ತೋರಿಸುವುದು ಅಂತ ನನ್ನನ್ನೇ ಕೇಳಿದರು.

ಆ ಪ್ರಶ್ನೆಯೇ ಅವರನ್ನು ಕೆಡಿಸಿತು. ಮುಂದಿನ ಅಮಾವಾಸ್ಯೆಗೂ ಬಂತು. ನಡುವೆ ಒಂದು ಅಮಾವಾಸ್ಯೆ ಬಿಟ್ಟು ಮತ್ತೆ ಬಂತು. ಬಂದಾಗ ಪ್ರಾಣ ಹೋಗುವಷ್ಟು, ಹೋದ ಮೇಲೆ ಏನೂ ಇಲ್ಲ. ಊರಿನ ಕಾಂಪೌಂಡರು ಗ್ಯಾಸು ಅಂತ ಸೂಜಿ ಚುಚ್ಚಿದರು. ನಾನು ಕೊಯಮತ್ತೂರು ಅಂದಾಗಲೆಲ್ಲ ಅತ್ತೆ ಎಮ್ಮೆಗೆ ಹೊತ್ತಾಯಿತು ಅಂತ ಎದ್ದುಹೋಗುವರು.

ಅತ್ತೆಗೆ ಒಬ್ಬ ಅಣ್ಣ, ಗೋವಿಂದಸಾಮಿ. ತಂಗಿಯ ಮೇಲೆ ಜೀವ, ಆದರೆ ಆ ಜೀವಕ್ಕೆ ತಲೆ ಇರಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ. ಅವರು ಬಂದು ಲೆಕ್ಕ ಹಾಕಿದರು. ನೋವು ಯಾವಾಗ ಬರುತ್ತದೆ? ಅಮಾವಾಸ್ಯೆಗೆ. ಎಲ್ಲಿ ಉಂಡ ಮೇಲೆ? ಕುಪ್ಪಮ್ಮನ ಮನೆಯಲ್ಲಿ. ಬೇರೆ ದಿನ, ಬೇರೆ ಮನೆಯಲ್ಲಿ ಉಂಡಾಗ ಬರುತ್ತದೆಯೇ? ಇಲ್ಲ. ಬಾವಿಯ ಮೋಟರಿನ ಸರದಿಗೆ ಅಣ್ಣತಮ್ಮಂದಿರ ನಡುವೆ ಸಣ್ಣ ಮಾತು ಬಂದದ್ದು ಆಗ ಅವರಿಗೆ ನೆನಪಾಯಿತು. ಅನ್ನದಲ್ಲಿ ಮದ್ದು ಇಟ್ಟಿದ್ದಾರೆ ಅಂದುಬಿಟ್ಟರು.

ಮದ್ದಿಡುವುದು ಅಂದರೆ ಆ ಕಡೆ ಎಲ್ಲರಿಗೂ ಗೊತ್ತು. ಆಗದವರು ಕೂದಲು, ಬೂದಿ, ಬೇರು ಏನೇನೋ ಅರೆದು ಊಟದಲ್ಲಿ ಬೆರೆಸುತ್ತಾರೆ, ಅದು ಹೊಟ್ಟೆಯಲ್ಲಿ ಅಂಟಿಕೊಂಡು ಆಳನ್ನು ಒಣಗಿಸುತ್ತದೆ ಅಂತ ನಂಬಿಕೆ. ಅದನ್ನು ತೆಗೆಯುವವರೂ ಇರುತ್ತಾರೆ. ನಾನು ಜಗಳವಾಡಿದೆ. ಮೊಲೆ ಕೊಟ್ಟ ಕೈ ಮದ್ದು ಇಟ್ಟೀತೇ ಅಂತ ಕೇಳಿದೆ. ಅತ್ತೆಯೂ ಅಣ್ಣನನ್ನು ಗದರಿದರು. ಆದರೆ ಮತ್ತೊಂದು ಅಮಾವಾಸ್ಯೆಗೆ ನೋವು ಬಂದಾಗ ಗದರಲು ಅವರಲ್ಲಿ ತ್ರಾಣ ಇರಲಿಲ್ಲ. 'ಅವಳಾಗಿ ಇಡ್ಲಿಲ್ಲ ಅಮ್ಮಣಿ, ಯಾರೋ ಅವಳ ಕೈಲಿ ಇಡ್ಸಿದಾರೆ' ಅಂದರು. ಅವರ ಮನಸ್ಸು ಅರ್ಧದಾರಿ ಹೋಗಿಬಿಟ್ಟಿದೆ ಅಂತ ನನಗೆ ಆಗಲೇ ಗೊತ್ತಾಯಿತು.

ಗೋವಿಂದಸಾಮಿ ತಂಗಿಯನ್ನು ಮೆಟ್ಟುಪಾಳ್ಯಂ ಹತ್ತಿರ ಮದ್ದು ತೆಗೆಯುವ ಒಬ್ಬ ಮುದುಕಿಯ ಬಳಿಗೆ ಕರೆದುಕೊಂಡು ಹೋದರು. ಮುದುಕಿ ಹಿತ್ತಾಳೆಯ ಕೊಳವೆಯನ್ನು ಹೊಟ್ಟೆಗೆ ಒತ್ತಿ ಬಾಯಿಂದ ಹೀರಿ, ಕೂದಲು ಸುತ್ತಿದ ಕಪ್ಪು ಉಂಡೆಯೊಂದನ್ನು ತಟ್ಟೆಗೆ ಉಗುಳಿದಳಂತೆ. ಇನ್ನು ಮೇಲೆ ಆ ಕೈಯ ಅನ್ನ ಮುಟ್ಟಬೇಡ ಅಂತ ಕಟ್ಟಪ್ಪಣೆ ಮಾಡಿ ಕಳಿಸಿದಳು.

ಮುಂದಿನ ಅಮಾವಾಸ್ಯೆಗೆ ಅತ್ತೆ ಹೋಗಲಿಲ್ಲ. ಮೈ ಸರಿಯಿಲ್ಲ ಅಂತ ಹೇಳಿ ಕಳಿಸಿದರು. ಕುಪ್ಪಮ್ಮ ಬಾಳೆಎಲೆ ಮುಚ್ಚಿದ ತಟ್ಟೆಯನ್ನು ಕಿಂಡಿಯಲ್ಲಿ ಇಟ್ಟರು. ಅತ್ತೆ ಅದನ್ನು ನೋಡುತ್ತಾ ತುಂಬ ಹೊತ್ತು ನಿಂತರು. ಆಮೇಲೆ ಎಲೆ ಕೂಡ ಸರಿಸದೆ ಹಾಗೆಯೇ ಆ ಕಡೆಗೆ ತಳ್ಳಿದರು. ಯಾಕೆ ಅಂತ ಕುಪ್ಪಮ್ಮನಿಗೆ ಅರ್ಥವಾಗಿರಲಿಕ್ಕಿಲ್ಲ. ಅರ್ಥ ಮಾಡಿಸುವ ಕೆಲಸವನ್ನು ಗೋವಿಂದಸಾಮಿ ಮಾಡಿದರು, ಬಾವಿಕಟ್ಟೆಯಲ್ಲಿ, ಊರ ಹೆಂಗಸರ ಎದುರಿಗೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕುಪ್ಪಮ್ಮ ಕೊಡ ಎತ್ತಿಕೊಂಡು ಮನೆಗೆ ಹೋದರು. ಮಾರನೆಯ ದಿನ ನೋಡಿದರೆ ಆ ಕಡೆಯಿಂದ ಕಿಂಡಿಗೆ ಹಲಗೆ ಬಿದ್ದಿತ್ತು.

ನನ್ನ ಹೊಟ್ಟೆ ಉರಿಸಿದ್ದು ಏನೆಂದರೆ, ಅಲ್ಲಿ ಉಣ್ಣುವುದನ್ನು ಬಿಟ್ಟ ಮೇಲೆ ಅತ್ತೆಗೆ ನಿಜವಾಗಿಯೂ ನೋವು ಬರಲಿಲ್ಲ. ಅಮಾವಾಸ್ಯೆಗಳು ಮುದ್ದೆ ಮಜ್ಜಿಗೆಯಲ್ಲಿ ತಣ್ಣಗೆ ಕಳೆದವು. ಗೋವಿಂದಸಾಮಿ ಮೀಸೆ ತಿರುವಿದರು. ನಾನು ಏನು ಹೇಳಿದರೂ ಯಾರು ಕೇಳುತ್ತಾರೆ? ನೋವು ಹೋದದ್ದು ಎಲ್ಲರ ಕಣ್ಣೆದುರಿಗೇ ಇತ್ತು. ಆದರೆ ಅತ್ತೆ ಸುಖವಾಗಿರಲಿಲ್ಲ. ಹಾಲು ಕರೆಯುವಾಗ ಎಮ್ಮೆಯ ಜೊತೆ ಮಾತಾಡುವುದನ್ನು ನಿಲ್ಲಿಸಿದರು. ಊಟಕ್ಕೆ ಕೂತರೆ ಕಣ್ಣು ಕಿಂಡಿಯ ಕಡೆಗೆ. ಒಂದು ದಿನ ಆ ಕಡೆ ಸಾಸಿವೆ ಸಿಡಿದ ವಾಸನೆಗೆ, ಬದನೆಕಾಯಿ ಅಂತ ತಮ್ಮಷ್ಟಕ್ಕೇ ಅಂದುಕೊಂಡು ಎದ್ದುಬಿಟ್ಟರು. ತಟ್ಟೆಯಲ್ಲಿ ಅರ್ಧ ಮುದ್ದೆ ಉಳಿದಿತ್ತು. ಅವರು ಅನ್ನ ಬಿಟ್ಟದ್ದನ್ನು ನಾನು ಮೊದಲ ಬಾರಿ ನೋಡಿದ್ದು ಅಂದು.

ಹೀಗಿರುವಾಗ ನಮ್ಮ ಮಗಳಿಗೆ ಕಿವಿ ಚುಚ್ಚುವ ಶಾಸ್ತ್ರ ಬಂತು. ಕೊಳ್ಳೇಗಾಲದಿಂದ ನಮ್ಮವರು ಬಂದಿದ್ದರು. ತವರಿನವರ ಎದುರಿಗೆ ನನ್ನ ಕೈಗುಣ ತೋರಿಸಬೇಕೆಂದು ಒಬ್ಬಟ್ಟು ಮಾಡಿ, ಮೇಲೆ ತುಪ್ಪ ಸುರಿದು ಬಡಿಸಿದೆ. ಎಷ್ಟೋ ತಿಂಗಳಿಂದ ನಾಲಿಗೆ ಕಟ್ಟಿಕೊಂಡಿದ್ದ ಅತ್ತೆ ಮನಸಾರೆ ತಿಂದರು. ಕುಪ್ಪಮ್ಮನ ಮನೆಗೂ ಕರೆ ಹೋಗಿತ್ತು. ಅವರ ಗಂಡ ಬಂದು ಉಂಡು ಹೋದರು, ಅವರು ಬರಲಿಲ್ಲ.

ಸಂಜೆಗೆ ನೋವು ಬಂತು. ಅಮಾವಾಸ್ಯೆ ಅಲ್ಲ, ಕುಪ್ಪಮ್ಮನ ಅನ್ನವೂ ಅಲ್ಲ. ಗೋವಿಂದಸಾಮಿ ಈಗ ನನ್ನ ಮುಖ ನೋಡತೊಡಗಿದರು. ಹೊರಳಾಡುತ್ತಿದ್ದ ಅತ್ತೆಯೇ ಆ ನೋಟವನ್ನು ಹಿಡಿದು, 'ಅಮ್ಮಣಿಗೆ ಸಾರಿಗೆ ಉಪ್ಪು ಇಡಾಕೇ ಬರಾದಿಲ್ಲ, ಮದ್ದು ಎಲ್ಲಿಂದ ಇಟ್ಟಾಳು' ಅಂದರು. ಅಳಬೇಕೋ ನಗಬೇಕೋ ತಿಳಿಯದ ಪರಿಸ್ಥಿತಿ ನನ್ನದು.

ಈ ಸಲ ನೋವು ಹೋಗಲಿಲ್ಲ. ಬೆಳಗಾದರೂ ಹಾಗೆಯೇ ಇತ್ತು. ಮಧ್ಯಾಹ್ನಕ್ಕೆ ಗಡಗಡ ನಡುಕ, ಕಂಬಳಿ ಹೊದಿಸಿದರೂ ನಿಲ್ಲದ ಚಳಿ, ಮೈ ಸುಡುವ ಜ್ವರ. ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ಬಾಗಿಲ ಬೆಳಕಿಗೆ ಮುಖ ತಿರುಗಿಸಿ ನೋಡಿದರೆ ಕಣ್ಣು ಹಳದಿ. ಕಾಮಾಲೆ ಅಂತ ಯಾರೋ ನೆಲನೆಲ್ಲಿ ಅರೆಯಲು ಹೊರಟರು. ಗೋವಿಂದಸಾಮಿ ಮೆಟ್ಟುಪಾಳ್ಯಂ ಬಸ್ಸಿನ ಹೊತ್ತು ವಿಚಾರಿಸತೊಡಗಿದರು. ಮಾವ ತಲೆಮೇಲೆ ಕೈಹೊತ್ತು ಕೂತಿದ್ದರು. ನಾನೂ ನನ್ನ ಗಂಡನೂ ಆಸ್ಪತ್ರೆ ಆಸ್ಪತ್ರೆ ಅಂತ ಕೂಗಾಡಿದರೂ ಅತ್ತೆ, ಬೇಡ, ಎಲ್ಲಿಗೂ ಬರಲ್ಲ ಅಂತ ಕಂಬ ಹಿಡಿದುಕೊಂಡಿದ್ದರು.

ಆಗ ಕುಪ್ಪಮ್ಮ ಒಳಗೆ ಬಂದರು. ಗೋಡೆಯ ಆಚೆಯಿಂದ ನರಳಾಟ ಕೇಳಿ ತಡೆದುಕೊಳ್ಳಲಾರದೆ ಬಂದಿರಬೇಕು. ಅಷ್ಟು ತಿಂಗಳ ಮೇಲೆ ಮೊದಲ ಸಲ ಆ ಹೊಸಿಲು ದಾಟಿದ್ದು. ಗೋವಿಂದಸಾಮಿ ಅಡ್ಡ ನಿಂತರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಪ್ಪಮ್ಮ ಅವರನ್ನು ನೇರ ನೋಡಿದರು.

'ನಾನು ಇಟ್ಟ ಮದ್ದಾದ್ರೆ, ನಾನು ಅನ್ನ ಇಡದೆ ಈ ಸಲ ಎಂಗೆ ಬಂತು ಈ ವಲಿ?' ಅಂದರು. ಗೋವಿಂದಸಾಮಿ ದಾರಿ ಬಿಟ್ಟು ಪಕ್ಕಕ್ಕೆ ಸರಿದರು. ಕುಪ್ಪಮ್ಮ ನನ್ನ ಗಂಡನ ಕಡೆ ತಿರುಗಿ, 'ಕಾರು ಕರ್ಕೊಂಡು ಬಾ ರಾಜೇಂದ್ರಾ. ಇವ್ಳು ಬರದಿದ್ರೆ ಎತ್ತಿ ಹಾಕು' ಅಂದರು.

ಊರಿನ ಒಂದೇ ಬಾಡಿಗೆ ಅಂಬಾಸಿಡರ್ ಬಂತು. ಹಿಂದಿನ ಸೀಟಿನಲ್ಲಿ ಅತ್ತೆಯ ತಲೆ ಕುಪ್ಪಮ್ಮನ ತೊಡೆಯ ಮೇಲೆ. ಕೊಯಮತ್ತೂರಿನ ದಾರಿಯಲ್ಲಿ ಒಮ್ಮೆ ಅತ್ತೆ ಕೈಯಿಂದ ಹುಡುಕಿ ಕುಪ್ಪಮ್ಮನ ಸೆರಗನ್ನು ಹಿಡಿದುಕೊಂಡರು. ಕುಪ್ಪಮ್ಮ ಬಿಡಿಸಿಕೊಳ್ಳಲಿಲ್ಲ, ಆದರೆ ಆ ಕೈಯನ್ನು ಹಿಡಿಯಲೂ ಇಲ್ಲ.

ಆಸ್ಪತ್ರೆಯಲ್ಲಿ ಮೊದಲು ನೋಡಿದ ಎಳೆಯ ಡಾಕ್ಟರು ಕಣ್ಣು ನೋಡಿ, ಹೊಟ್ಟೆ ಮುಟ್ಟಿ, ನೇರವಾಗಿ ಸರ್ಜನ್ನಿಗೆ ಹೇಳಿ ಕಳಿಸಿದರು. ಬಂದವರು ವ್ಯಾಸರಾಯರು, ಕೊಯಮತ್ತೂರಿನಲ್ಲೇ ಹುಟ್ಟಿ ಬೆಳೆದ ಕನ್ನಡದವರು. ನಮ್ಮ ಮಾತು ಕಿವಿಗೆ ಬಿದ್ದದ್ದೇ ತಮಿಳು ಬಿಟ್ಟು ಮನೆಮಾತಿಗೆ ಇಳಿದರು. ಬಲ ಪಕ್ಕೆಲುಬಿನ ಕೆಳಗೆ ಬೆರಳಿಟ್ಟು ಉಸಿರು ಎಳೆದುಕೊಳ್ಳಿ ಅಂದರು. ಅತ್ತೆ ಎಳೆದುಕೊಂಡವರು ಅರ್ಧಕ್ಕೇ ನಿಂತು ಕಿರುಚಿದರು. ವ್ಯಾಸರಾಯರು ತಲೆಯಾಡಿಸಿ, ಮುಂಚೆ ಹೀಗೆ ಬಂದಿತ್ತಾ, ಯಾವಾಗ, ಏನು ತಿಂದ ಮೇಲೆ ಅಂತ ಕೇಳಿದರು.

ಅತ್ತೆ ಗೋಡೆಯ ಕಡೆ ಮುಖ ಮಾಡಿದರು. ನೋವು ಬಂದದ್ದನ್ನು ಹೇಳಬೇಕಾದರೆ ಎಲ್ಲಿ ಉಂಡಾಗ ಬಂತು ಅಂತಲೂ ಹೇಳಬೇಕು. ಕುಪ್ಪಮ್ಮ ಕಾಲಬುಡದಲ್ಲೇ ನಿಂತಿದ್ದರು. ಮಾವ ಕೆಮ್ಮಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಕುಪ್ಪಮ್ಮನೇ ಮುಂದೆ ಬಂದರು.

'ಅಮಾವಾಸ್ಯೆಗೆ ಬರ್ತಿತ್ತು ಸಾರ್. ನಮ್ಮ ಮನೇಲಿ, ನನ್ ಕೈ ಅನ್ನ ಉಂಡ ಮ್ಯಾಲೆ. ನಾನು ಮದ್ದು ಇಟ್ಟೆ ಅಂತಾರೆ.'

ವ್ಯಾಸರಾಯರು ನಗಲಿಲ್ಲ. ಅದಕ್ಕಾಗಿ ನಾನು ಅವರನ್ನು ಇಂದಿಗೂ ನೆನೆಯುತ್ತೇನೆ. ಆ ಊಟದಲ್ಲಿ ಏನೇನಿರುತ್ತಿತ್ತು ಹೇಳಿ ಅಂದರು. ಕುಪ್ಪಮ್ಮ ಒಂದೊಂದಾಗಿ ಹೇಳಿದರು. ಎಣ್ಣೆಯಲ್ಲಿ ಕರಿದ ವಡೆ, ಕಜ್ಜಾಯ, ತೆಂಗಿನಹಾಲಿನ ಪಾಯಸ. ತುಪ್ಪ ಅಂದು ನಿಂತರು. ಎಷ್ಟು ತುಪ್ಪ ಅಂತ ಡಾಕ್ಟರು ಕೇಳಿದರು. 'ಬೇರೆಯೋರಿಗೆ ಒಂದು ಚಮಚ. ಅಕ್ಕನಿಗೆ ಸೌಟಲ್ಲಿ' ಅಂದಾಗ ಅವರ ದನಿ ಒಡೆಯಿತು.

ಸ್ಕ್ಯಾನ್ ಯಂತ್ರ ಕೊಯಮತ್ತೂರಿಗೆ ಆಗಷ್ಟೇ ಬಂದಿತ್ತು. ಅದರಲ್ಲಿ ನೋಡಿ ಬಂದು ವ್ಯಾಸರಾಯರು ನಮ್ಮನ್ನೆಲ್ಲ ವರಾಂಡದಲ್ಲಿ ಕೂರಿಸಿಕೊಂಡು ಹೇಳಿದರು. ಪಿತ್ತಜನಕಾಂಗದ ಕೆಳಗೆ ಪಿತ್ತ ತುಂಬಿಡುವ ಸಣ್ಣ ಚೀಲ ಇರುತ್ತದೆ, ಅತ್ತೆಯ ಚೀಲದಲ್ಲಿ ಕಲ್ಲುಗಳಾಗಿವೆ. ತುಪ್ಪ ಎಣ್ಣೆ ಹೊಟ್ಟೆಗೆ ಬಿದ್ದಾಗ ಅದನ್ನು ಅರಗಿಸಲು ಆ ಚೀಲ ಹಿಂಡಿಕೊಳ್ಳುತ್ತದೆ, ಆಗ ಕಲ್ಲು ಚೀಲದ ಬಾಯಿಗೆ ಅಡ್ಡ ಸಿಕ್ಕಿಕೊಂಡು ನೋವು ಬರುತ್ತದೆ. ಕಲ್ಲು ಸರಿದರೆ ನೋವು ಹೋಗುತ್ತದೆ. ಮುದ್ದೆ ಮಜ್ಜಿಗೆಯ ದಿನ ಚೀಲಕ್ಕೆ ಅಷ್ಟು ಕೆಲಸವಿಲ್ಲ. ಮದ್ದು ತೆಗೆಸಿದ ಮೇಲೆ ನೋವು ಬಾರದೆ ಇದ್ದದ್ದೂ ಅದಕ್ಕೇ, ತುಪ್ಪದ ಊಟ ನಿಂತಿತ್ತಲ್ಲ. ಈಗ ಒಂದು ಕಲ್ಲು ಜಾರಿ ಪಿತ್ತದ ನಾಳದಲ್ಲಿ ಕೂತಿದೆ, ಪಿತ್ತ ರಕ್ತಕ್ಕೆ ಏರಿ ಕಣ್ಣು ಹಳದಿಯಾಗಿದೆ, ಒಳಗೆ ಕೀವಿನ ಸೋಂಕು ಸೇರಿ ಚಳಿಜ್ವರ ಬಂದಿದೆ.

ಇಷ್ಟು ಹೇಳಿ ಅವರು ಸ್ವಲ್ಪ ಸಿಟ್ಟಾದರು. ಜಿಡ್ಡು ತಿಂದ ಮೇಲೆ ಬಲಗಡೆ ಅಂಥ ನೋವು ಬಂದು, ಬೆನ್ನಿಗೂ ಭುಜಕ್ಕೂ ಹತ್ತಿ, ತಾನಾಗಿ ಹೋದಾಗಲೇ ಬಂದು ತೋರಿಸಬೇಕಿತ್ತು, ನೋವು ಹೋಯಿತು ಅಂದರೆ ಕಾಯಿಲೆ ಹೋಯಿತು ಅಂತಲ್ಲ ಅಂದರು. ಆಗ ಬಂದಿದ್ದರೆ ಒಂದು ಒಳ್ಳೆಯ ದಿನ ನೋಡಿ ನಿಧಾನವಾಗಿ ಚೀಲ ತೆಗೆಯಬಹುದಿತ್ತು. ನೋವು ಕೆಲವು ಗಂಟೆಯಾದರೂ ಬಿಡದಿದ್ದರೆ, ಚಳಿಜ್ವರ ಬಂದರೆ, ಕಣ್ಣು ಹಳದಿಯಾದರೆ ಮಾತ್ರ ಕಷಾಯ ಕಾಯಿಸುತ್ತಾ ಕೂರಬಾರದು, ಅಂದೇ ಸರ್ಜನ್ ಇರುವ ಆಸ್ಪತ್ರೆಗೆ ಬರಬೇಕು ಅಂದರು. ಇನ್ನೊಂದು ದಿನ ತಡವಾಗಿದ್ದರೆ ಏನಾಗುತ್ತಿತ್ತೋ ಅಂದು ಅಲ್ಲಿಗೇ ನಿಲ್ಲಿಸಿದರು. ಗೋವಿಂದಸಾಮಿ ನೆಲ ನೋಡುತ್ತಿದ್ದರು.

ಕೆಲವು ದಿನ ಗ್ಲೂಕೋಸು, ಇಂಜೆಕ್ಷನ್ನು ಕೊಟ್ಟು ಜ್ವರ ಇಳಿಸಿದರು. ಆಮೇಲೆ ಆಪರೇಷನ್ ಅಂದಾಗ ಅತ್ತೆ ಹಟ ಹಿಡಿದರು. ಹೊಟ್ಟೆ ಸೀಳಿಸಿಕೊಂಡವರು ಯಾರು ಬದುಕಿದ್ದಾರೆ ಅಂತ ಒಂದೇ ರಾಗ. ಮಾವ ಹೇಳಿದರು, ಮಗ ಹೇಳಿದರು, ನಾನು ಬೈದೆ. ಕೊನೆಗೆ ಒಂದು ಬೆಳಗ್ಗೆ ಅವರೇ ಒಪ್ಪಿದರು. ಆದರೆ ಒಂದು ಷರತ್ತು. ಒಳಗೆ ಹೋಗುವ ಮುಂಚೆ ಕುಪ್ಪಮ್ಮನ ಕೈಯಿಂದ ಒಂದು ಗುಟುಕು ನೀರು ಕುಡಿಯಬೇಕು. ಅವಳ ತಟ್ಟೆ ತಳ್ಳಿದವಳು ನಾನು, ಹೀಗೆಯೇ ಸತ್ತರೆ ನನಗೆ ಇಡುವ ಅಮಾವಾಸ್ಯೆಯ ಎಡೆಯನ್ನು ಯಾವ ಮುಖ ಹೊತ್ತು ತಿನ್ನಲಿ ಅಂದರು. ಆ ಎಡೆ ಇಡುವುದು ಕುಪ್ಪಮ್ಮನ ದೇವರ ಕೋಣೆಯಲ್ಲೇ ತಾನೇ.

ಆಪರೇಷನ್ನಿಗೆ ಮುಂಚೆ ಹನಿ ನೀರೂ ಕೂಡದು ಅಂತ ವ್ಯಾಸರಾಯರು ಖಡಾಖಂಡಿತ ಹೇಳಿದರು. ಎದ್ದ ಮೇಲೆ ಯಾರ ಕೈಯಿಂದ ಬೇಕಾದರೂ ಕುಡಿಯಿರಿ ಅಂದರು. ಅತ್ತೆ ಕುಪ್ಪಮ್ಮನ ಕಡೆ ನೋಡಿ, ಹಾಗಾದರೆ ಮೊದಲ ತುತ್ತು ನಿನ್ನ ಕೈಯದು ಅಂದರು. ಗಾಲಿಮಂಚ ತಿರುವಿನಲ್ಲಿ ಮರೆಯಾಗುವವರೆಗೂ ಅತ್ತೆ ಕತ್ತು ಎತ್ತಿ ಕುಪ್ಪಮ್ಮನ ಉತ್ತರಕ್ಕೆ ಕಾಯುತ್ತಿದ್ದರು.

ಆಪರೇಷನ್ ಚೆನ್ನಾಗಿ ಆಯಿತು. ಚೀಲ ತೆಗೆದು, ನಾಳದಲ್ಲಿದ್ದ ಕಲ್ಲನ್ನೂ ತೆಗೆದು, ಪಿತ್ತ ಹೊರಗೆ ಹರಿಯಲು ಪಕ್ಕದಲ್ಲಿ ಒಂದು ರಬ್ಬರ್ ಕೊಳವೆ ಇಟ್ಟಿದ್ದರು. ಕಲ್ಲುಗಳನ್ನು ಸೀಸೆಯಲ್ಲಿ ಹಾಕಿ ಕೊಟ್ಟರು. ಹುರಿಗಡಲೆಯಷ್ಟು ದಪ್ಪದವು, ಕಂದು ಹಳದಿ ಬಣ್ಣ. ಮಾವ ಅವನ್ನು ಅಲುಗಾಡಿಸಿ ಅಲುಗಾಡಿಸಿ ನೋಡಿದರು. ಗೋವಿಂದಸಾಮಿ ಮೆಲ್ಲಗೆ, ನಾನು ಒಳಗೆ ಏನೋ ಇದೆ ಅಂತ ಹೇಳಲಿಲ್ಲವಾ ಅಂದರು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಅತ್ತೆಗೆ ಬಾಯಿಗೆ ಏನಾದರೂ ಕೊಡಬಹುದು ಅಂತ ಅಪ್ಪಣೆಯಾದ ದಿನ ನರ್ಸಮ್ಮ ತೆಳ್ಳಗಿನ ಅಕ್ಕಿ ಗಂಜಿಯ ಬಟ್ಟಲು ತಂದಿಟ್ಟರು. ಮಧ್ಯಾಹ್ನದ ಹೊತ್ತು. ವಾರ್ಡಿನಲ್ಲಿ ನಾವು ಮೂವರೇ. ನಾನು ಬಟ್ಟಲನ್ನು ಕುಪ್ಪಮ್ಮನ ಕೈಗೆ ಕೊಡಲು ಹೋದೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು.

'ನೀನೇ ಕೊಡು ಅಮ್ಮಣಿ.'

ಇನ್ನೂ ಸಿಟ್ಟು ಇಳಿದಿಲ್ಲ ಅಂದುಕೊಂಡೆ. ಇಳಿಯಲಿ ಅಂತ ಕೇಳುವ ಹಕ್ಕು ನಮಗೆಲ್ಲಿತ್ತು? ಆದರೆ ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ, ಹೆದರಿಕೆ ಇತ್ತು. ಎರಡೂ ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದರು.

'ಮದ್ದು ನಾನು ಇಡ್ಲಿಲ್ಲ, ಅದು ನಂಗೊತ್ತು' ಅಂದರು. 'ಆದ್ರೆ ನನ್ ಕೈಲಿ ಏನೈತೋ ಅದು ನಂಗೊತ್ತಾ? ಎಲ್ಲಾರೂ ಅಂದ್ರು. ನಾನು ಇಟ್ಟಾಗೆಲ್ಲ ಅಕ್ಕನಿಗೆ ವಲಿ ಬಂದಿದ್ದು ನಿಜ ತಾನೇ.'

ಆಮೇಲೆ ಉಳಿದದ್ದೂ ಹೊರಗೆ ಬಂತು. ಬಾವಿಕಟ್ಟೆಯ ಆ ದಿನದಿಂದ ಅವರು ಯಾರಿಗೂ ತಮ್ಮ ಕೈಯಾರೆ ಬಡಿಸಿರಲಿಲ್ಲ. ಅಡುಗೆ ಮಾಡಿಟ್ಟು ನೀವೇ ಹಾಕಿಕೊಳ್ಳಿ ಅನ್ನುತ್ತಿದ್ದರು. ಮೊಮ್ಮಗು ತುತ್ತು ಕೇಳಿದರೆ ಗಂಡನ ಕೈಗೆ ತಟ್ಟೆ ಕೊಡುತ್ತಿದ್ದರು. ತುಪ್ಪದ ಗಡಿಗೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ ಬಿಸಿಲಿಗಿಟ್ಟಿದ್ದರು, ಆಮೇಲೆ ಅದನ್ನೂ ಒಡೆದು ಹಾಕಿದ್ದರು. ಗೋಡೆಯ ಈಚೆ ಕೂತು ನಾವು ನಮ್ಮ ನೋವು ಲೆಕ್ಕ ಹಾಕುತ್ತಿದ್ದಾಗ ಆಚೆ ಈ ಹೆಂಗಸು ತನ್ನ ಕೈಗಳನ್ನೇ ನೋಡಿಕೊಂಡು ಕೂತಿದ್ದರು.

ಅತ್ತೆ ಎಲ್ಲ ಕೇಳಿಸಿಕೊಂಡರು. ಹೊಲಿಗೆ ಹಾಕಿದ ಹೊಟ್ಟೆ, ಜೋರಾಗಿ ಮಾತಾಡಲು ಶಕ್ತಿಯಿಲ್ಲ. ನಾನು ಚಮಚ ಬಾಯಿ ಹತ್ತಿರ ತಂದರೆ ತುಟಿ ಬಿಗಿದು ಮುಖ ತಿರುಗಿಸಿದರು. ಆಮೇಲೆ ಒಂದೊಂದೇ ಮಾತು ಎಣಿಸಿದ ಹಾಗೆ ಹೇಳಿದರು.

'ಕುಪ್ಪು, ನನ್ ಹೊಟ್ಟೇನ ಸೀಳಿ ಒಳಗೆಲ್ಲ ನೋಡಿದ್ರು. ಅಲ್ಲಿ ನೀನಿರ್ಲಿಲ್ಲ. ಎಲ್ಲಾ ನಂದೇ ಇತ್ತು.' ಸ್ವಲ್ಪ ಉಸಿರು ತೆಗೆದುಕೊಂಡು ಮತ್ತೆ, 'ನನ್ ಮಗನ್ನ ಉಳಿಸಿದ ಕೈ ಅದು. ನಾನು ಮರೆತೆ. ನೀನೂ ಮರೀತಿಯಾ?' ಅಂದರು.

ಕುಪ್ಪಮ್ಮ ಅಲ್ಲೇ ನಿಂತು ಅತ್ತರು, ಸದ್ದಿಲ್ಲದೆ. ಆಮೇಲೆ ಮೂಲೆಯ ನಲ್ಲಿಗೆ ಹೋಗಿ ಕೈ ತೊಳೆದರು, ಮತ್ತೆ ತೊಳೆದರು. ಬಂದು ಬಟ್ಟಲು ತೆಗೆದುಕೊಂಡರು. ಮೊದಲ ತುತ್ತು ಅರ್ಧ ಗದ್ದದ ಮೇಲೆ ಚೆಲ್ಲಿತು, ಅರ್ಧ ಒಳಗೆ ಹೋಯಿತು. ಅತ್ತೆ ಕಣ್ಣು ಮುಚ್ಚಿಕೊಂಡು ನುಂಗಿದರು. ಉಪ್ಪು ಹಾಕದ ಆ ಆಸ್ಪತ್ರೆಯ ಗಂಜಿಯನ್ನು ಅಷ್ಟು ಭಕ್ತಿಯಿಂದ ಯಾರೂ ಉಂಡಿರಲಾರರು. ಬಟ್ಟಲು ಖಾಲಿಯಾದ ಮೇಲೆ ನಿದ್ದೆ ಹೋದರು.

ಕುಪ್ಪಮ್ಮ ಮಂಚದ ಪಕ್ಕದ ಸ್ಟೂಲಿನಿಂದ ಏಳಲಿಲ್ಲ. ನೀವೂ ಊಟ ಮಾಡಿ ಬನ್ನಿ ಅಂದೆ, ತಲೆಯಲ್ಲಾಡಿಸಿದರು. ಕಣ್ಣು ಅತ್ತೆಯ ಮುಖದ ಮೇಲೇ ನೆಟ್ಟಿತ್ತು. ಅತ್ತೆ ನಿದ್ದೆಯಲ್ಲಿ ಹುಬ್ಬು ಗಂಟಿಕ್ಕಿದರೆ ಇವರ ಉಸಿರು ನಿಲ್ಲುತ್ತಿತ್ತು. ಹಿಂದೆಲ್ಲ ಸಂಜೆಗೆ ತಾನೇ ನೋವು ಬರುತ್ತಿದ್ದದ್ದು. ಸಂಜೆಯಾಗಲು ಕಾಯುತ್ತಿದ್ದಾರೆ ಅಂತ ನನಗೆ ತಿಳಿಯಿತು. ಎಲ್ಲ ತಿಳಿಸಿ ಹೇಳಿದ ಡಾಕ್ಟರರನ್ನು ಕರೆದು ತಂದರೂ ಆ ಹೊತ್ತಿನಲ್ಲಿ ಏನೂ ಉಪಯೋಗವಿರಲಿಲ್ಲ. ನಾನು ಅವರ ಪಕ್ಕದಲ್ಲಿ ನೆಲದ ಮೇಲೆ ಕೂತೆ.

ಕಿಟಕಿಯ ಬಿಸಿಲು ಗೋಡೆ ಹತ್ತಿ ಮಾಸಿತು. ಹೊರಗೆ ಬಸ್ಸುಗಳ ಸದ್ದು ಹೆಚ್ಚಾಯಿತು, ಯಾರೋ ವಾರ್ಡಿನ ದೀಪ ಹಾಕಿದರು. ಅತ್ತೆ ಕಣ್ಣು ಬಿಟ್ಟರು. ಕುಪ್ಪಮ್ಮ ಎದ್ದು ನಿಂತು ಮಂಚದ ಕಂಬಿ ಹಿಡಿದುಕೊಂಡರು.

ಅತ್ತೆ ಒಂದು ಗಳಿಗೆ ಸೂರು ನೋಡಿದರು, ಆಮೇಲೆ ಕುಪ್ಪಮ್ಮನನ್ನು ನೋಡಿದರು.

'ಹಸೀತೈತೆ ಕುಪ್ಪು' ಅಂದರು. 'ಇನ್ನೂ ಒಸಿ ಐತಾ?'